ಅಜ್ಜನ ಕನ್ನಡಕ ಮುರಿದ ಬೆಕ್ಕು: ನಾಲ್ಕು ವರ್ಷದ ಮಗುವಿನ ಸುಳ್ಳು, ಒಂದು ಪ್ರಕರಣ ಅಧ್ಯಯನ

ಮಕ್ಕಳ ವೈದ್ಯರು ಕೊಟ್ಟ ಚೀಟಿಯಲ್ಲಿ ಎರಡೇ ಸಾಲಿತ್ತು. ಹುಡುಗಿ, ನಾಲ್ಕು ವರ್ಷ ನಾಲ್ಕು ತಿಂಗಳು, ಮೂತ್ರದ ಸೋಂಕು ವಾಸಿಯಾಗಿದೆ. ಸುಳ್ಳು ಹೇಳುತ್ತಾಳೆ ಎಂದು ಮನೆಯವರ ದೂರು, ಒಮ್ಮೆ ಮಾತನಾಡಿಸಿ ನೋಡಿ.

ಸೋಂಕಿಗೂ ಸುಳ್ಳಿಗೂ ಎಲ್ಲಿಯ ಸಂಬಂಧ ಎನ್ನುವುದು ತಾಯಿ ಮಾತಿಗೆ ಕುಳಿತ ಮೇಲೆ ತಿಳಿಯಿತು. ಎರಡು ದಿನ ಮಗು ಹೊಟ್ಟೆನೋವು ಎನ್ನುತ್ತಲೇ ಇತ್ತು. ಶಾಲೆ ತಪ್ಪಿಸಿಕೊಳ್ಳುವ ಹೊಸ ಉಪಾಯ ಇದು ಎಂದು ಮನೆಮಂದಿಯೆಲ್ಲ ಸೇರಿ ತೀರ್ಮಾನಿಸಿದ್ದರು. ಎರಡನೆಯ ದಿನವಂತೂ ಅಳುತ್ತಿದ್ದ ಮಗುವನ್ನು ಎತ್ತಿ ಶಾಲೆಯ ವ್ಯಾನಿಗೆ ಹತ್ತಿಸಿದ್ದರು. ಮೂರನೆಯ ದಿನ ಮೈ ಕೆಂಡದಂತೆ ಸುಡತೊಡಗಿದಾಗ ಆಸ್ಪತ್ರೆಗೆ ಓಡಿದರು. ‘ಅವಳು ಹೇಳಿದ್ದನ್ನೆಲ್ಲ ಸುಳ್ಳು ಎಂದುಕೊಳ್ಳುವುದು ನಮಗೆ ರೂಢಿಯಾಗಿಬಿಟ್ಟಿತ್ತು’ ಎಂದರು ತಾಯಿ. ತಂದೆಯ ಚಿಂತೆ ಬೇರೆಯೇ ಆಗಿತ್ತು: ‘ಈ ವಯಸ್ಸಿಗೇ ಹೀಗಾದರೆ ಮುಂದೆ ಗತಿ ಏನು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’

ಈ ಬರಹದಲ್ಲಿ ಬರುವ ಪುಟ್ಟಿ ಯಾವುದೋ ಒಂದೇ ಮನೆಯ ಮಗುವಲ್ಲ. ಇದೇ ಬಗೆಯ ದೂರು ಹೊತ್ತು ಬರುವ ಹಲವು ಕುಟುಂಬಗಳ ಸಂಗತಿಗಳನ್ನು, ಯಾರ ಗುರುತೂ ಸಿಗದ ಹಾಗೆ, ಒಂದೇ ಸೂರಿನಡಿ ಕೂಡಿಸಿದ್ದೇನೆ. ಸೂರು ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ್ದು ಎಂದುಕೊಳ್ಳಿ. ತಾಯಿಗೆ ಬ್ಯಾಂಕಿನಲ್ಲಿ ಕೆಲಸ, ತಂದೆಗೆ ಹಾರ್ಡ್‌ವೇರ್ ಅಂಗಡಿ, ಹಗಲಿಡೀ ಮಗುವನ್ನು ನೋಡಿಕೊಳ್ಳಲು ಅಜ್ಜ ಮತ್ತು ಅಜ್ಜಿ. ಮಗು ಎಲ್‌ಕೆಜಿಯಲ್ಲಿದೆ.

ದೂರಿನ ಪಟ್ಟಿ

ಮೊದಲನೆಯದು ಲಿಪ್‌ಸ್ಟಿಕ್. ಗೋಡೆಯ ಮೇಲೆ ಕೆಂಪು ಗೆರೆಗಳು ಮೂಡಿದ್ದವು. ‘ನಿಜ ಹೇಳು, ಹೊಡೆಯುವುದಿಲ್ಲ’ ಎಂದು ತಾಯಿ ಪುಸಲಾಯಿಸಿದರು. ಪುಟ್ಟಿ ಒಪ್ಪಿಕೊಂಡಳು. ಅಷ್ಟರಲ್ಲಿ ಒಳಗೆ ಬಂದ ತಂದೆ ಗೋಡೆ ನೋಡಿ ಬೆನ್ನಿಗೊಂದು ಬಾರಿಸಿದರು. ಮಾತು ಕೊಟ್ಟವರು ಒಬ್ಬರು, ಹೊಡೆದವರು ಇನ್ನೊಬ್ಬರು. ದೊಡ್ಡವರಿಗೆ ಇದು ಎರಡು ಸಂಗತಿ, ಮಗುವಿಗೆ ಒಂದೇ.

ಆಮೇಲೆ ಅಜ್ಜನ ಕನ್ನಡಕ. ಸೋಫಾದ ಮೇಲಿದ್ದ ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಯಾರು ಮುರಿದದ್ದು ಎಂದು ಕೇಳಿದರೆ, ‘ಬೆಕ್ಕು.’ ಆ ಮನೆಯಲ್ಲಿ ಬೆಕ್ಕಿಲ್ಲ. ಪಕ್ಕದ ಮನೆಯದೊಂದು ಆಗಾಗ ಕಿಟಕಿಯಲ್ಲಿ ಬಂದು ಕೂರುತ್ತದೆ, ಅಷ್ಟೇ. ಬೆಕ್ಕು ಹೇಗೆ ಮುರಿಯಿತು ಎಂದು ತಂದೆ ಕೇಳಿದರು. ಪುಟ್ಟಿ ಬಹಳ ಶ್ರದ್ಧೆಯಿಂದ ವಿವರಿಸಿದಳು: ‘ನಾನು ಅದರ ಮೇಲೆ ಕುಳಿತುಕೊಂಡೆನಲ್ಲ, ಆಗ ಕಟ್ ಎಂದಿತು. ಬೆಕ್ಕು ಮುರಿಯಿತು.’ ಮನೆಗೆ ಬಂದಿದ್ದ ಚಿಕ್ಕಪ್ಪ ಗೊಳ್ಳೆಂದು ನಕ್ಕರು, ತಂದೆ ಮತ್ತೆ ಕೈ ಎತ್ತಿದರು. ಒಂದೇ ಮಾತಿಗೆ ಒಬ್ಬರ ನಗು, ಇನ್ನೊಬ್ಬರ ಏಟು.

ಮೂರನೆಯದು ಪೆನ್ಸಿಲ್ ಶಾರ್ಪನರ್. ಇನ್ನೊಂದು ಮಗುವಿನ ಗುಲಾಬಿ ಬಣ್ಣದ ಶಾರ್ಪನರ್ ಪುಟ್ಟಿಯ ಚೀಲದಲ್ಲಿ ಸಿಕ್ಕಿತು. ‘ಮಿಸ್ ಕೊಟ್ಟರು’ ಎಂದಳು. ಮಿಸ್ ಕೊಟ್ಟಿರಲಿಲ್ಲ. ಅಂದು ಸಂಜೆ ಅಜ್ಜಿ, ಇನ್ನೊಮ್ಮೆ ಸುಳ್ಳು ಹೇಳಿದರೆ ನಾಲಿಗೆಗೆ ಬರೆ ಹಾಕುತ್ತೇನೆ ಎಂದು ಸೌಟನ್ನು ಒಲೆಯ ಮೇಲೆ ಹಿಡಿದು ತೋರಿಸಿದರು. ಅಜ್ಜಿ ಬರೆ ಹಾಕುವವರಲ್ಲ, ಅದು ಮನೆಯವರಿಗೆಲ್ಲ ಗೊತ್ತು. ಗೊತ್ತಿಲ್ಲದಿದ್ದುದು ಪುಟ್ಟಿಗೆ ಮಾತ್ರ. ಅಂದಿನಿಂದ ಯಾರಾದರೂ ‘ಯಾರು’ ಎಂದು ಬಾಯಿ ತೆರೆದರೆ ಸಾಕು, ಎರಡೂ ಅಂಗೈಗಳಿಂದ ಬಾಯಿ ಮುಚ್ಚಿಕೊಂಡು, ಬೆರಳ ಸಂದಿಯಿಂದಲೇ ‘ನಾನಲ್ಲ’ ಎನ್ನುತ್ತಾಳೆ. ಬಾಗಿಲು ಬಡಿದವರು ಯಾರು ಎಂದು ಕೇಳಿದರೂ ಅದೇ ಉತ್ತರ.

ಬಿಸ್ಕೆಟ್ ಡಬ್ಬಿಯಲ್ಲಿ ದಾರದುಂಡೆ

ಇಂಥ ಮಕ್ಕಳು ಬಂದಾಗ ನಾನು ಮೊದಲು ಸುಳ್ಳಿನ ಸುದ್ದಿಯನ್ನೇ ಎತ್ತುವುದಿಲ್ಲ. ಮೇಜಿನ ಮೇಲೆ ಒಂದು ಬಿಸ್ಕೆಟ್ ಡಬ್ಬಿ ಇಡುತ್ತೇನೆ. ನಮ್ಮ ಮನೆಗಳಲ್ಲಿ ಇಂಥ ಡಬ್ಬಿಯೊಳಗೆ ಬಿಸ್ಕೆಟ್ ಬಿಟ್ಟು ಬೇರೆಲ್ಲವೂ ಇರುತ್ತದೆ, ನನ್ನದರಲ್ಲಿ ದಾರದುಂಡೆಗಳಿವೆ.

‘ಇದರಲ್ಲಿ ಏನಿದೆ?’
‘ಬಿಸ್ಕೆಟ್.’
ಮುಚ್ಚಳ ತೆಗೆದೆ. ಪುಟ್ಟಿ ಮೂಗು ಮುರಿದಳು. ಮತ್ತೆ ಮುಚ್ಚಿದೆ.
‘ಅಜ್ಜಿ ಹೊರಗೆ ಕುಳಿತಿದ್ದಾರಲ್ಲ, ಈ ಡಬ್ಬಿಯ ಒಳಗೆ ಅವರು ನೋಡಿಲ್ಲ. ಅವರನ್ನು ಕರೆದು ಕೇಳಿದರೆ ಇದರಲ್ಲಿ ಏನಿದೆ ಎನ್ನುತ್ತಾರೆ?’

ಪುಟ್ಟಿ ಡಬ್ಬಿ ನೋಡಿದಳು, ಬಾಗಿಲು ನೋಡಿದಳು. ಭುಜ ಎರಡೂ ಕಿವಿಗೆ ತಾಗುವ ಹಾಗೆ ಎತ್ತಿ, ಕಿಲಕಿಲ ನಗುತ್ತ ಪಿಸುಗುಟ್ಟಿದಳು: ‘ಬಿಸ್ಕೆಟ್ ಎನ್ನುತ್ತಾರೆ!’ ಅಜ್ಜಿಯನ್ನು ಕರೆಯಲೇಬೇಕೆಂದು ಹಟ ಹಿಡಿದಳು. ಕರೆಸಿದೆವು. ಅಜ್ಜಿ ‘ಬಿಸ್ಕೆಟ್’ ಎಂದಾಗ ಅವಳಿಗಾದ ಸಂಭ್ರಮ ಹೇಳತೀರದು.

ಇದೇ ಪ್ರಶ್ನೆಯನ್ನು ಮೂರು ವರ್ಷದ ಮಗುವಿಗೆ ಕೇಳಿ ನೋಡಿ. ಸಾಮಾನ್ಯವಾಗಿ ಬರುವ ಉತ್ತರ ‘ದಾರ’. ತನಗೆ ಗೊತ್ತಾದದ್ದು ಎಲ್ಲರಿಗೂ ಗೊತ್ತಿರುತ್ತದೆ ಎಂದೇ ಆ ವಯಸ್ಸಿನ ಮಗು ನಂಬಿರುತ್ತದೆ. ಇನ್ನೊಬ್ಬರ ತಲೆಯಲ್ಲಿ ತನ್ನದಕ್ಕಿಂತ ಬೇರೆಯಾದ, ತಪ್ಪಾದ ಒಂದು ನಂಬಿಕೆ ಇರಬಹುದು ಎನ್ನುವುದು ಸುಮಾರು ನಾಲ್ಕರ ಆಸುಪಾಸಿನಲ್ಲಿ ಹೊಳೆಯುವ ಸಂಗತಿ. ಹೈನ್ಸ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ ಎಂಬ ಆಸ್ಟ್ರಿಯಾದ ಮನೋವಿಜ್ಞಾನಿಗಳು 1983ರಲ್ಲಿ ಇದನ್ನು ಪ್ರಯೋಗದ ಮೂಲಕ ತೋರಿಸಿದರು. ಇದು ಪಾಶ್ಚಾತ್ಯ ಮಕ್ಕಳ ಕಥೆ ಮಾತ್ರ ಎನ್ನುವ ಹಾಗೂ ಇಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕೆನಡಾ, ಪೆರು, ಸಮೋವಾ, ಥಾಯ್ಲೆಂಡ್ ಜೊತೆಗೆ ಭಾರತದ ಮಕ್ಕಳನ್ನೂ ಪರೀಕ್ಷಿಸಿತ್ತು. ಐದೂ ಕಡೆ ಈ ತಿರುವು ಮೂರರಿಂದ ಐದರ ನಡುವೆಯೇ ಕಂಡುಬಂತು.

ಸುಳ್ಳು ಹುಟ್ಟುವುದು ಈ ತಿಳಿವಿನ ಬೆನ್ನಿಗೇ. ‘ನಾನು ಮುರಿದದ್ದು ನನಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ, ಬೆಕ್ಕು ಎಂದರೆ ಅಪ್ಪ ನಂಬಬಹುದು’ ಎಂದು ಲೆಕ್ಕ ಹಾಕುವುದು ಸಣ್ಣ ಕೆಲಸವಲ್ಲ. ಅದಕ್ಕೆ ಮೊದಲು, ಎರಡು ಮೂರು ವರ್ಷದ ಮಗು ಹೇಳುವ ‘ನಾನಲ್ಲ’ ಬಹುಮಟ್ಟಿಗೆ ಬೈಗುಳಕ್ಕೆ ಅಡ್ಡ ಹಿಡಿದ ಕೈ ಅಷ್ಟೇ. ಅಮೆರಿಕದ ಮೈಕೇಲ್ ಲೂಯಿಸ್ ಮತ್ತು ಸಂಗಡಿಗರು 1989ರಲ್ಲಿ ಮೂರು ವರ್ಷದ 33 ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೋಣೆಯಲ್ಲಿ ಕೂರಿಸಿ, ಹಿಂದೆ ಒಂದು ಆಟಿಕೆ ಇಟ್ಟು, ತಿರುಗಿ ನೋಡಬೇಡ ಎಂದು ಹೇಳಿ ಹೊರಗೆ ಹೋದರು. 29 ಮಕ್ಕಳು ತಿರುಗಿ ನೋಡಿದರು. ನೋಡಿದೆಯಾ ಎಂದು ಕೇಳಿದಾಗ ಅವರಲ್ಲಿ ಶೇಕಡಾ 38ರಷ್ಟು ಮಕ್ಕಳು ಹೌದೆಂದರು, ಅಷ್ಟೇ ಮಕ್ಕಳು ಇಲ್ಲವೆಂದರು, ಉಳಿದವರು ಬಾಯಿ ಬಿಡಲಿಲ್ಲ. ಕೆನಡಾದ ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಇದೇ ಬಗೆಯ ಪ್ರಯೋಗವನ್ನು ದೊಡ್ಡ ಮಕ್ಕಳೊಂದಿಗೂ ಮಾಡಿದಾಗ, ನಾಲ್ಕು ದಾಟಿದವರಲ್ಲಿ ಹೆಚ್ಚಿನವರು ಸುಳ್ಳನ್ನೇ ಹೇಳಿದರು. ಆದರೆ ಹೇಳಿದ ಸುಳ್ಳನ್ನು ಕಾಪಾಡಿಕೊಳ್ಳಲು ಅವರಿಗೆ ಬರುವುದಿಲ್ಲ. ‘ನೋಡಲಿಲ್ಲ’ ಎಂದ ಮಗುವಿಗೆ, ಹಾಗಾದರೆ ಅಲ್ಲಿ ಯಾವ ಆಟಿಕೆ ಇರಬಹುದು ಎಂದು ಕೇಳಿದರೆ ಅದರ ಹೆಸರನ್ನೇ ಹೇಳಿಬಿಡುತ್ತದೆ. ಪುಟ್ಟಿಯ ಕನ್ನಡಕದ ವಿವರಣೆ ಇದಕ್ಕೆ ಪಕ್ಕಾ ನಮೂನೆ. ಬೆಕ್ಕನ್ನು ತಂದಳು, ಆದರೆ ತಾನು ಕನ್ನಡಕದ ಮೇಲೆ ಕುಳಿತದ್ದನ್ನು ಬಚ್ಚಿಡಲು ಮರೆತಳು.

ಇಷ್ಟನ್ನು ತಂದೆಗೆ ಹೇಳಿದಾಗ ಅವರು, ‘ಹಾಗಾದರೆ ಸುಳ್ಳು ಹೇಳಿದ್ದಕ್ಕೆ ಸಿಹಿ ಹಂಚಬೇಕೇ?’ ಎಂದರು. ಒಳ್ಳೆಯ ಪ್ರಶ್ನೆ. ಹಂಚಬೇಕಿಲ್ಲ. ಬೆಳವಣಿಗೆಯ ಹಂತ ಎನ್ನುವುದು ನಡತೆಗೆ ಕೊಡುವ ಮಾಫಿ ಅಲ್ಲ. ಮಗುವಿಗೆ ಸದ್ಯ ಯಾವುದು ಸಾಧ್ಯ, ಯಾವುದು ಇನ್ನೂ ಸಾಧ್ಯವಿಲ್ಲ ಎಂದು ತಿಳಿದರೆ ತಿದ್ದುವ ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದು ತಿಳಿಯುತ್ತದೆ. ಪುಟ್ಟಿಗೆ ಇನ್ನೊಬ್ಬರ ಮನಸ್ಸನ್ನು ಊಹಿಸಲು ಬರುತ್ತದೆ. ಆಸೆಯನ್ನು ತಡೆಹಿಡಿಯಲು, ಭಯದ ಮುಂದೆ ನಿಜಕ್ಕೆ ಅಂಟಿಕೊಳ್ಳಲು ಇನ್ನೂ ಬರುವುದಿಲ್ಲ. ಮನೆಯಲ್ಲಿ ನಡೆಯುತ್ತಿದ್ದ ಶಿಕ್ಷೆಗಳೆಲ್ಲ ಈ ಎರಡನೆಯದು ಆಗಲೇ ಬಂದಿದೆ ಎಂದು ನಂಬಿ ಕೊಟ್ಟವು.

ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ

ಈ ಪ್ರಕರಣದ ಗಂಟು ‘ಯಾರು ಮಾಡಿದ್ದು?’ ಎಂಬ ಪ್ರಶ್ನೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಲಿಪ್‌ಸ್ಟಿಕ್ ಹಚ್ಚಿದವರು ಯಾರು ಎಂದು ತಾಯಿಗೆ ಗೊತ್ತಿತ್ತು, ಮಗುವಿನ ಅಂಗೈ ಕೆಂಪಗಿತ್ತು. ಶಾರ್ಪನರ್ ಯಾರದು ಎಂಬುದೂ ಗೊತ್ತಿತ್ತು, ಅದರ ಮೇಲೆ ಹೆಸರಿನ ಚೀಟಿ ಇತ್ತು. ಗೊತ್ತಿದ್ದೂ ಕೇಳುವ ಪ್ರಶ್ನೆ ಮಾಹಿತಿಗಾಗಿ ಅಲ್ಲ, ತಪ್ಪೊಪ್ಪಿಗೆಗಾಗಿ. ಒಪ್ಪಿಕೊಂಡರೆ ಏಟು ಖಚಿತ, ಒಪ್ಪದಿದ್ದರೆ ತಪ್ಪಿಸಿಕೊಳ್ಳುವ ಒಂದು ದಾರಿ ಇದೆ. ನಾಲ್ಕು ವರ್ಷದವಳಿರಲಿ, ನಲವತ್ತರವರೂ ಎರಡನೆಯದನ್ನೇ ಆರಿಸುತ್ತಾರೆ. ಅಂಗಡಿಗೆ ತೆರಿಗೆ ಇಲಾಖೆಯವರು ಬಂದರೆ ತಾವು ಏನು ಮಾಡುತ್ತೀರಿ ಎಂದು ತಂದೆಯನ್ನು ಕೇಳಬೇಕೆನ್ನಿಸಿತ್ತು, ಕೇಳಲಿಲ್ಲ.

ತಲ್ವಾರ್ ಮತ್ತು ಲೀ 2011ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವನ್ನು ಮಾತ್ರ ತಂದೆಗೆ ಹೇಳಿದೆ. ಪಶ್ಚಿಮ ಆಫ್ರಿಕಾದ ಒಂದೇ ಬಡಾವಣೆಯ ಎರಡು ಶಾಲೆಗಳು. ಒಂದರಲ್ಲಿ ತಪ್ಪಿಗೆ ಕೋಲು, ಕೆನ್ನೆಗೇಟು, ಚಿವುಟು. ಇನ್ನೊಂದರಲ್ಲಿ ಗದರಿಕೆ ಅಥವಾ ಸ್ವಲ್ಪ ಹೊತ್ತು ಆಟದಿಂದ ಹೊರಗೆ ಕೂರಿಸುವುದು. ಎರಡೂ ಕಡೆಯ ಮೂರು ನಾಲ್ಕು ವರ್ಷದ ಮಕ್ಕಳಿಗೆ ಅದೇ ಆಟಿಕೆಯ ಪರೀಕ್ಷೆ. ಕೋಲಿನ ಶಾಲೆಯ ಮಕ್ಕಳು ಹೆಚ್ಚು ಸುಳ್ಳು ಹೇಳಿದರು. ಅಷ್ಟೇ ಅಲ್ಲ, ಹೇಳಿದ ಸುಳ್ಳನ್ನು ವಯಸ್ಸಿಗೆ ಮೀರಿದ ಜಾಣ್ಮೆಯಿಂದ ಕಾಪಾಡಿಕೊಂಡರು. ತಂದೆ ಸುಮ್ಮನಾದರು. ಅಜ್ಜ ಸುಮ್ಮನಾಗಲಿಲ್ಲ: ‘ನಮ್ಮನ್ನು ಬೆತ್ತದಲ್ಲೇ ಬೆಳೆಸಿದರು. ದಂಡಂ ದಶಗುಣಂ. ನಾವೇನು ಹಾಳಾದೆವೇ?’ ಹಾಳಾಗಲಿಲ್ಲ, ನಿಜ. ಆದರೆ ಬೆತ್ತ ಹಿಡಿದ ಮೇಷ್ಟರಿಗೆ ನೀವು ನಿಜವನ್ನೇ ಹೇಳುತ್ತಿದ್ದಿರಾ ಎಂದು ಕೇಳಿದೆ. ಅಜ್ಜ ನಕ್ಕು, ಹೊಳೆಗೆ ಈಜಲು ಹೋಗಿ ಬಂದು ಕೂದಲು ಒಣಗಿಸಿಕೊಳ್ಳುತ್ತಿದ್ದ ಉಪಾಯಗಳನ್ನು ಸಾಕಷ್ಟು ವಿವರವಾಗಿಯೇ ಹೇಳಿದರು.

ಅಜ್ಜಿಯ ಅಸ್ತ್ರ ಕಥೆ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯನ್ನು ವಾರಕ್ಕೆ ಎರಡು ಸಲವಾದರೂ ಹೇಳುತ್ತಿದ್ದರಂತೆ. ಇದರ ಬಗ್ಗೆಯೂ ಒಂದು ಕುತೂಹಲದ ಸಂಗತಿ ಇದೆ. ಕಾಂಗ್ ಲೀ ತಂಡ 2014ರಲ್ಲಿ ಮೂರರಿಂದ ಏಳು ವರ್ಷದ ಮಕ್ಕಳಿಗೆ ಬೇರೆ ಬೇರೆ ಕಥೆ ಹೇಳಿ, ಆಮೇಲೆ ಅವರು ಎಷ್ಟು ನಿಜ ಹೇಳುತ್ತಾರೆ ಎಂದು ನೋಡಿತು. ಸುಳ್ಳು ಹೇಳಿ ತೋಳದ ಪಾಲಾದ ಹುಡುಗನ ಕಥೆಯಿಂದ ಏನೂ ಪ್ರಯೋಜನವಾಗಲಿಲ್ಲ. ಚೆರ್ರಿ ಮರ ಕಡಿದದ್ದನ್ನು ಒಪ್ಪಿಕೊಂಡು ತಂದೆಯ ಮೆಚ್ಚುಗೆ ಪಡೆದ ಜಾರ್ಜ್ ವಾಷಿಂಗ್ಟನ್ ಎಂಬ ಬಾಲಕನ ಕಥೆ ಕೇಳಿದವರು ಮಾತ್ರ ಹೆಚ್ಚು ನಿಜ ಹೇಳಿದರು. ಸುಳ್ಳಿಗೆ ಆಗುವ ಗತಿ ಮಗುವಿಗೆ ದಾರಿ ತೋರುವುದಿಲ್ಲ, ನಿಜಕ್ಕೆ ಸಿಗುವ ಆದರ ತೋರುತ್ತದೆ. ಈ ಲೆಕ್ಕದಲ್ಲಿ ನಮ್ಮ ಹರಿಶ್ಚಂದ್ರ ನಾಲ್ಕು ವರ್ಷದವರಿಗೆ ಹೇಳಿಸಿದ ಕಥೆಯಲ್ಲ ಎನಿಸುತ್ತದೆ ನನಗೆ. ನಿಜಕ್ಕೆ ಅಂಟಿಕೊಂಡವನು ರಾಜ್ಯ, ಹೆಂಡತಿ, ಮಗ ಎಲ್ಲವನ್ನೂ ಕಳೆದುಕೊಂಡು ಸ್ಮಶಾನ ಕಾಯುವಲ್ಲಿಗೆ ಬಂದಾಗ ಮಗು ನಿದ್ದೆ ಹೋಗಿರುತ್ತದೆ. ಕೊನೆಯಲ್ಲಿ ಎಲ್ಲ ಮರಳಿ ಸಿಕ್ಕಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಮನೆಯಲ್ಲಿ ಮಾಡಿದ ಬದಲಾವಣೆ

ಏಟನ್ನು ಬಿಡಿ ಎಂದಷ್ಟೇ ಹೇಳಿದರೆ ಮನೆಯವರ ಕೈ ಖಾಲಿಯಾಗುತ್ತದೆ. ಅದರ ಜಾಗದಲ್ಲಿ ಏನಿಡಬೇಕು ಎಂಬುದನ್ನೂ ಹೇಳಬೇಕು. ವಿಯೆನ್ನಾದ ಮನೋವೈದ್ಯ ಆಲ್ಫ್ರೆಡ್ ಆಡ್ಲರ್, ಅವರ ಶಿಷ್ಯ ರುಡಾಲ್ಫ್ ಡ್ರೈಕರ್ಸ್, ಆಮೇಲೆ 1981ರಲ್ಲಿ ಅಮೆರಿಕದ ಜೇನ್ ನೆಲ್ಸನ್ ಬೆಳೆಸಿದ ಸಕಾರಾತ್ಮಕ ಶಿಸ್ತಿನ ಪದ್ಧತಿಯಲ್ಲಿ ತಪ್ಪಿಗೆ ಪರಿಣಾಮ ಇದ್ದೇ ಇರುತ್ತದೆ. ಅದು ತಪ್ಪಿಗೆ ಸಂಬಂಧಪಟ್ಟಿರಬೇಕು, ಮಗುವಿನ ಮಾನ ಕಳೆಯಬಾರದು, ಅಳತೆ ಮೀರಬಾರದು. ಕನ್ನಡಕ ಮುರಿದದ್ದಕ್ಕೆ ಕೆನ್ನೆ ಕೆಂಪಾದರೆ ಕನ್ನಡಕಕ್ಕೂ ಕೆನ್ನೆಗೂ ಯಾವ ಸಂಬಂಧವನ್ನೂ ಮಗು ಕಾಣಲಾರದು. ಕನ್ನಡಕದ ಡಬ್ಬಿಯನ್ನು ತಾನೇ ಹಿಡಿದುಕೊಂಡು ಅಜ್ಜನ ಜೊತೆ ಅಂಗಡಿಗೆ ಹೋಗಿ, ಕಡ್ಡಿ ಹಾಕಿಸುವ ತನಕ ಕಾದು ಕುಳಿತರೆ ಕಾಣುತ್ತದೆ. ತಡವಾಗಿಯಾದರೂ ಇದನ್ನು ಮಾಡಿಸಿದೆವು. ಅಜ್ಜ ಅಲ್ಲಿಯವರೆಗೆ ಕಡ್ಡಿಗೆ ದಾರ ಸುತ್ತಿಕೊಂಡು ಪತ್ರಿಕೆ ಓದುತ್ತಿದ್ದರು. ಆವತ್ತು ಸಂಜೆಯ ಉದ್ಯಾನ ತಪ್ಪಿತು ಎಂದು ಪುಟ್ಟಿ ಅತ್ತಳು. ಅಳು ಬರುವುದು ಸಹಜ, ಅದಕ್ಕೆ ಸೋತು ಉದ್ಯಾನಕ್ಕೆ ಕರೆದೊಯ್ಯಲಿಲ್ಲ.

ಶಾರ್ಪನರ್ ವಿಚಾರದಲ್ಲಿ ತರಗತಿಯ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸಬೇಕೆಂದು ತಾಯಿಗೆ ಅನ್ನಿಸಿತ್ತು. ಬೇಡ ಎಂದೆ. ಶಾಲೆಯ ಗೇಟಿನ ಬಳಿ ಆ ಮಗು ಬಂದಾಗ ತಾಯಿ ಪುಟ್ಟಿಯ ಪಕ್ಕದಲ್ಲಿ ಮಂಡಿಯೂರಿ ಕುಳಿತರು, ಪುಟ್ಟಿ ಶಾರ್ಪನರ್ ಕೊಟ್ಟಳು. ‘ಇದು ನಿನ್ನದು’ ಎನ್ನುವಷ್ಟೇ ಮಾತು. ಅರ್ಧ ನಿಮಿಷದ ಕೆಲಸ.

ಪ್ರಶ್ನೆಯ ಜಾಗದಲ್ಲಿ ಕಂಡದ್ದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ‘ಯಾರು ಚೆಲ್ಲಿದ್ದು?’ ಎನ್ನುವ ಬದಲು ‘ನೀರು ಚೆಲ್ಲಿದೆ, ಬಟ್ಟೆ ತಾ, ಒರೆಸೋಣ.’ ನಿಜವಾಗಿಯೂ ಗೊತ್ತಿಲ್ಲದಿದ್ದಾಗ ಕೇಳಬಹುದು, ಆದರೆ ಮಗು ನಿಜ ಹೇಳಿದರೆ ಮೊದಲ ಮಾತು ‘ಹೇಳಿದ್ದು ಒಳ್ಳೆಯದಾಯಿತು’ ಎಂದೇ ಇರಬೇಕು. ಒರೆಸುವ ಕೆಲಸ ಆಮೇಲೆ. ಮಾತು ಕೊಟ್ಟವರು ಒಬ್ಬರಾದರೆ ಮನೆಯ ಎಲ್ಲರೂ ಅದಕ್ಕೆ ಬದ್ಧರು ಎಂದು ತಂದೆ ತಾಯಿ ಒಪ್ಪಿಕೊಂಡರು. ಅಜ್ಜಿಗೆ ಸೌಟಿನ ಬೆದರಿಕೆ ಬಿಡುವುದಕ್ಕಿಂತ ಬಾಯಿಗೆ ಬಂದಿದ್ದ ‘ಯಾರು’ ಬಿಡುವುದೇ ಕಷ್ಟವಾಯಿತಂತೆ.

ಇನ್ನು ದೊಡ್ಡವರ ಸುಳ್ಳು. ಸಾಲ ಕೇಳುವವರು ಬಂದರೆ ‘ಅಪ್ಪ ಮನೆಯಲ್ಲಿಲ್ಲ ಎಂದು ಹೇಳು’, ಆಸ್ಪತ್ರೆಯ ಬಾಗಿಲಲ್ಲಿ ‘ಸೂಜಿ ನೋಯುವುದೇ ಇಲ್ಲ’, ಊಟದ ಹೊತ್ತಿಗೆ ‘ಗುಮ್ಮ ಬಂದ’. ಇದರಿಂದಲೇ ಪುಟ್ಟಿ ಸುಳ್ಳು ಕಲಿತಳು ಎಂದು ನಾನು ಹೇಳುವುದಿಲ್ಲ. ಅಮೆರಿಕದಲ್ಲಿ 2014ರಲ್ಲಿ ನಡೆದ ಒಂದು ಪ್ರಯೋಗದಲ್ಲಿ, ದೊಡ್ಡವರು ತಮಗೆ ಸುಳ್ಳು ಹೇಳಿದರೆಂದು ತಿಳಿದ ಮೇಲೆ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ತಾವೂ ಹೆಚ್ಚು ಸುಳ್ಳು ಹೇಳಿದರು. ಮೂರು ನಾಲ್ಕು ವರ್ಷದವರ ಮೇಲೆ ಅಂಥ ಪರಿಣಾಮ ಕಾಣಲಿಲ್ಲ. ಅಂದರೆ ಈ ಮನೆಗೆ ಇನ್ನೂ ಒಂದು ವರ್ಷದಷ್ಟು ಸಮಯವಿದೆ ಎಂದೆ. ತಾಯಿ ಬರೆದುಕೊಂಡರು, ತಂದೆ ಕಿಟಕಿಯಾಚೆ ನೋಡಿದರು.

ಸುಳ್ಳಿನ ಜೊತೆ ಆಸೆಯ ಮಾತುಗಳನ್ನೂ ಮನೆಯವರು ಸೇರಿಸಿಬಿಟ್ಟಿದ್ದರು. ‘ನಮ್ಮ ಮನೆಯ ಮಹಡಿಯಲ್ಲಿ ಆನೆ ಇದೆ’ ಎಂದು ಪುಟ್ಟಿ ಶಾಲೆಯಲ್ಲಿ ಹೇಳಿದ್ದೂ ದೂರಿನ ಪಟ್ಟಿಯಲ್ಲಿತ್ತು. ಅದನ್ನು ಪಟ್ಟಿಯಿಂದ ತೆಗೆಸಿದೆ. ಆನೆಗೆ ಏನು ಊಟ ಹಾಕುತ್ತೀಯ ಎಂದು ಕೇಳಿದರೆ ಸಾಕು.

ಹಾಲು ಮತ್ತು ತುಳಸಿ

ನಡುವೆ ಒಂದು ದಿನ ತಾಯಿಯ ಫೋನು ಬಂತು. ದನಿ ಕುಗ್ಗಿತ್ತು. ಬೆಳಗಿನ ಹಾಲು ಕುಡಿದೆ ಎಂದು ಖಾಲಿ ಲೋಟ ತೋರಿಸುತ್ತಿದ್ದ ಪುಟ್ಟಿ ಅದನ್ನು ತುಳಸಿಕಟ್ಟೆಗೆ ಸುರಿಯುತ್ತಿದ್ದಳು. ಇರುವೆ ಸಾಲುಗಟ್ಟಿದ ಮೇಲೆ ಅಜ್ಜಿಗೆ ತಿಳಿಯಿತು. ಬಾಯಿಯ ಮೇಲೆ ಹಾಲಿನ ಮೀಸೆಯನ್ನೂ ಬಳಿದುಕೊಳ್ಳುತ್ತಿದ್ದಳಂತೆ, ಬೆಕ್ಕಿನ ಕಥೆಗಿಂತ ಎಷ್ಟೋ ಮೇಲ್ಮಟ್ಟದ ಕೆಲಸ. ‘ನಾವು ಹೊಡೆಯುವುದು ಬಿಟ್ಟಿದ್ದಕ್ಕೆ ಹೀಗಾಯಿತೇ?’ ಎಂದು ತಾಯಿ ಕೇಳಿದರು.

ಅಜ್ಜಿ ಏನು ಮಾಡಿದರು ಎಂದು ಕೇಳಿದೆ. ಅಜ್ಜಿ ಪುಟ್ಟಿಯನ್ನು ಕರೆದು ಇರುವೆ ತೋರಿಸಿ, ‘ತುಳಸಿಗೆ ಹಾಲು ಹಾಕಿದರೆ ಇರುವೆ ಬರುತ್ತದೆ, ಬೇರು ಕೊಳೆಯುತ್ತದೆ. ನಿನಗೆ ಹಾಲು ಬೇಡವೆಂದರೆ ಬೇಡ ಎನ್ನು’ ಎಂದಿದ್ದರು. ಪುಟ್ಟಿ ಬೇಡ ಎಂದಳು, ಕೆನೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂದಳು. ಇಬ್ಬರೂ ಸೇರಿ ತುಳಸಿಯ ಮಣ್ಣು ಬದಲಿಸಿದರು. ಮರುದಿನದಿಂದ ಸೋಸಿದ ಹಾಲು, ಅರ್ಧ ಲೋಟ. ನಾನು ಸೇರಿಸುವುದಕ್ಕೆ ಏನೂ ಇರಲಿಲ್ಲ. ಆ ಮನೆಯಲ್ಲಿ ಹಾಲು ಬೇಡ ಎನ್ನುವ ದಾರಿಯೇ ಅಲ್ಲಿಯತನಕ ಇರಲಿಲ್ಲ. ದಾರಿಯಿಲ್ಲದ ಕಡೆ ಮಗು ತಾನೇ ಒಂದು ದಾರಿ ಕೊರೆದಿತ್ತು.

ಎಚ್ಚರ ಬೇಕಾದ ಕಡೆ

ಎಲ್ಲ ಸುಳ್ಳನ್ನೂ ವಯಸ್ಸಿನ ತಲೆಗೆ ಕಟ್ಟಲು ಬರುವುದಿಲ್ಲ. ಸುಳ್ಳಿನ ಜೊತೆಗೆ ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ನಿದ್ದೆಯಲ್ಲಿ ಬೆಚ್ಚಿಬಿದ್ದರೆ, ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಳಿ ಹೋಗಲು ಮಗು ಒಲ್ಲೆನೆಂದರೆ ಕಾರಣ ಬೇರೆ ಇರಬಹುದು. ಏಳೆಂಟು ವರ್ಷ ದಾಟಿದ ಮೇಲೂ ಸುಳ್ಳು, ಕದಿಯುವುದು, ಪ್ರಾಣಿಗಳನ್ನು ಹಿಂಸಿಸುವುದು ಒಟ್ಟಿಗೆ ಕಂಡರೆ ತಜ್ಞರಿಗೆ ತೋರಿಸಲೇಬೇಕು. ಪುಟ್ಟಿಯಲ್ಲಿ ಇವು ಯಾವುವೂ ಇರಲಿಲ್ಲ. ಬಾಯಿ ಮುಚ್ಚಿಕೊಳ್ಳುವ ಅಂಗೈಗಳಷ್ಟೇ ನನಗೆ ಚಿಂತೆ ತಂದಿದ್ದವು.

ಅದಕ್ಕಿಂತ ದೊಡ್ಡ ಅಪಾಯ ಹೆಸರಿಡುವುದರಲ್ಲಿದೆ. ‘ಸುಳ್ಳಿ’ ಎಂಬ ಹೆಸರು ಬಿದ್ದ ಮಗುವಿನ ಹೊಟ್ಟೆನೋವನ್ನು ಯಾರೂ ನಂಬುವುದಿಲ್ಲ, ಅದನ್ನು ಈ ಮನೆಯೇ ತೋರಿಸಿತು. ಯಾರೋ ಮುಟ್ಟಬಾರದ ಕಡೆ ಮುಟ್ಟಿದರು ಎಂದು ಅಂಥ ಮಗು ಹೇಳಿದರೆ ಏನಾಗುತ್ತದೆ ಎಂದು ನಾನು ಕೇಳಿದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆ ಮಾತನ್ನು ಯಾವ ಮಗು ಹೇಳಿದರೂ ಮೊದಲು ನಂಬಬೇಕು. ದೂರು ನೀಡಲು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಇದೆ, ಸಹಾಯಕ್ಕೆ 1098 ಮಕ್ಕಳ ಸಹಾಯವಾಣಿ ಇದೆ.

ಸದ್ಯದ ಸ್ಥಿತಿ

ಪುಟ್ಟಿಗೆ ಐದು ತುಂಬುತ್ತಿದೆ. ಬಾಯಿಗೆ ಅಂಗೈ ಹೋಗುವುದು ನಿಂತಿದೆ. ಹೂಕುಂಡ ಒಡೆದಾಗ ತಾನೇ ಅಡುಗೆಮನೆಗೆ ಬಂದು ಹೇಳಿದಳಂತೆ. ಹೇಳಿ, ಬೆಕ್ಕೂ ಸ್ವಲ್ಪ ಸಹಾಯ ಮಾಡಿತು ಎಂದು ಸೇರಿಸಿದಳಂತೆ. ತಂದೆ ಕೈ ಎತ್ತುವುದು ಪೂರ್ತಿ ನಿಂತಿಲ್ಲ, ಆದರೆ ಎತ್ತಿದ ಕೈಯನ್ನು ಇಳಿಸಿಕೊಂಡು ಅಂಗಡಿಗೆ ಹೊರಟುಬಿಡುತ್ತಾರೆ ಎಂದು ತಾಯಿ ಹೇಳುತ್ತಾರೆ. ಸಾಲ ಕೇಳುವವರಿಗೆ ಈಗ ಅಜ್ಜನೇ ಬಾಗಿಲು ತೆಗೆದು ಉತ್ತರ ಕೊಡುತ್ತಾರೆ. ಏನು ಉತ್ತರ ಎಂದು ನಾನು ವಿಚಾರಿಸಿಲ್ಲ.

ಚೌಕಾಬಾರದಲ್ಲಿ ಮಾತ್ರ ಪುಟ್ಟಿ ಬೀಳುವ ಕವಡೆಯನ್ನು ಬೆರಳ ತುದಿಯಿಂದ ಮಗುಚಿ ‘ನಾಲ್ಕು ಬಿತ್ತು’ ಎನ್ನುತ್ತಾಳೆ, ಸೋತರೆ ಹಲಗೆಯನ್ನೇ ಎಳೆದುಹಾಕುತ್ತಾಳೆ. ಸೋಲನ್ನು ತಡೆದುಕೊಳ್ಳುವ ಶಕ್ತಿ ಈ ವಯಸ್ಸಿಗೆ ಇನ್ನೂ ಬಂದಿರುವುದಿಲ್ಲ, ಇದಕ್ಕೆ ಈಗಲೇ ಪಾಠ ಬೇಡ, ಸದ್ಯಕ್ಕೆ ಆಟ ಚಿಕ್ಕದಿರಲಿ ಎಂದು ಅಜ್ಜನಿಗೆ ಹೇಳಿದ್ದೇನೆ. ಅಜ್ಜ ಒಪ್ಪಿಲ್ಲ. ಅವರಿಗೂ ಸೋಲಲು ಇಷ್ಟವಿಲ್ಲ.